ಶಾಲೆಯ ಅಂಗಳದ ಕಾಡು ಯಾರದು?

ಸದ್ಗುಣವನ್ನು ಬೋಧಿಸಿ ಕಲಿಸಬಹುದೇ ಎಂಬ ಪ್ರಶ್ನೆ ಬಹು ಪುರಾತನವಾದುದು. ಗಣಿತವನ್ನು ಕಲಿಸಿದಂತೆ ಕರುಣೆಯನ್ನು ಕಲಿಸಲು ಬರುವುದಿಲ್ಲ. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸಿದಂತೆ ಸಂಯಮವನ್ನು ಬಾಯಿಪಾಠ ಮಾಡಿಸಲು ಬರುವುದಿಲ್ಲ. ಸತ್ಯವನ್ನೇ ನುಡಿಯಬೇಕೆಂದು ಪಾಟಿಯ ಮೇಲೆ ನೂರು ಸಲ ಬರೆದ ಬಾಲಕನು ಮನೆಗೆ ಹೋಗಿ ಸತ್ಯವನ್ನೇ ನುಡಿಯುವನೆಂಬ ಭರವಸೆಯೇನೂ ಇಲ್ಲ. ಗುಣವೆಂಬುದು ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸಕ್ಕೆ ಒಂದು ಅವಕಾಶ ಬೇಕು, ಒಂದು ನೆಲೆ ಬೇಕು, ಸಾಕಷ್ಟು ಕಾಲವೂ ಬೇಕು. ಇದನ್ನು ಬಲ್ಲವರಾದುದರಿಂದಲೇ ನಮ್ಮ ಹಿರಿಯರು ವಿದ್ಯಾರ್ಥಿಯನ್ನು ಗ್ರಂಥದ ಮುಂದೆ ಮಾತ್ರ ಕುಳ್ಳಿರಿಸದೆ, ನೀರು ತರುವ, ಅಂಗಳ ಗುಡಿಸುವ, ಹೂದೋಟ ನೋಡಿಕೊಳ್ಳುವ, ಬಂದವರಿಗೆ ಬಡಿಸುವ ಕೆಲಸಗಳಿಗೂ ಹಚ್ಚುತ್ತಿದ್ದರು.

ಈ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಪರಿಸರದ ವಿಷಯದಲ್ಲಿ ಮತ್ತೆ ತಲೆಯೆತ್ತಿದೆ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಮಾಡಲಾದ 42ನೆಯ ತಿದ್ದುಪಡಿಯು ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದೂ ಪ್ರಾಣಿಗಳಲ್ಲಿ ದಯೆಯುಳ್ಳವರಾಗಿರುವುದೂ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಾರಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅದನ್ನು ಕಾರ್ಯರೂಪಕ್ಕೆ ತರುವಂತೆ ಮತ್ತೆ ಆಜ್ಞಾಪಿಸಿತು. ಪಾಠಗಳು ಬಂದವು, ಪುಸ್ತಕಗಳು ಬಂದವು, ಪರೀಕ್ಷೆಗಳೂ ಬಂದವು. ಇಂದಿನ ಬಾಲಕನು ಆಹಾರ ಸರಪಳಿಯ ಚಿತ್ರವನ್ನು ಚೆನ್ನಾಗಿ ಬರೆಯಬಲ್ಲನು. ಆದರೆ ತನ್ನ ಶಾಲೆಯ ಬೇಲಿಯ ಮೇಲಿನ ಬಳ್ಳಿಯ ಹೆಸರನ್ನು ಅವನು ಹೇಳಬಲ್ಲನೇ? ಅದರ ಎಲೆಯನ್ನು ತಿನ್ನುವ ಹುಳು ಯಾವುದು, ಆ ಹುಳುವು ಮುಂದೆ ಏನಾಗುವುದು ಎಂಬುದನ್ನು ಕಣ್ಣಾರೆ ಕಂಡಿರುವನೇ? ಕಾಣದೆ ಇದ್ದುದರಲ್ಲಿ ಪ್ರೀತಿ ಹುಟ್ಟುವುದು ಹೇಗೆ? ಪ್ರೀತಿಯಿಲ್ಲದೆ ಕರ್ತವ್ಯವು ನೆಲೆಗೊಳ್ಳುವುದು ಹೇಗೆ?

ಸಸಿ ನೆಡುವ ಪದ್ಧತಿ ನಮಗೆ ಹೊಸದಲ್ಲ. 1928ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ವೃಕ್ಷಾರೋಪಣದ ಉತ್ಸವವನ್ನು ಆರಂಭಿಸಿದರು. ಅಲ್ಲಿನ ತರಗತಿಗಳೂ ಮರಗಳ ನೆರಳಿನಲ್ಲಿಯೇ ನಡೆಯುತ್ತಿದ್ದವು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ದೇಶವ್ಯಾಪಿಯಾಗಿ ಮಾಡಿದರು. ಅಂದಿನಿಂದ ಪ್ರತಿ ಮಳೆಗಾಲದಲ್ಲಿ ನಮ್ಮ ಶಾಲೆಗಳಲ್ಲಿ ಗುಂಡಿ ತೋಡುತ್ತೇವೆ, ಸಸಿ ನೆಡುತ್ತೇವೆ, ಭಾಷಣ ಮಾಡುತ್ತೇವೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿಯನ್ನು ನೆಡುವ ಪ್ರಸಂಗವೂ ಅಪರೂಪವಲ್ಲ. ನೆಡುವ ದಿನಕ್ಕೆ ಇರುವ ಗೌರವವು ನೀರೆರೆಯುವ ದಿನಗಳಿಗೆ ಇಲ್ಲದಿರುವುದೇ ಇದಕ್ಕೆ ಕಾರಣವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಿನ್ನೆಲೆಯಲ್ಲಿ, ಕೆಲವು ವರ್ಷಗಳಿಂದೀಚೆಗೆ ಬೇರೊಂದು ದೇಶದ ಶಾಲೆಗಳ ಬಳಿ ನಡೆದಿರುವ ಒಂದು ಪ್ರಯೋಗವನ್ನು ವಿಚಾರಮಾಡುವುದು ಉಪಯುಕ್ತವಾದೀತು. ಅದು ಒಂಟಿ ಸಸಿಯನ್ನು ನೆಡುವುದಲ್ಲ, ಒಂದು ಚಿಕ್ಕ ಕಾಡನ್ನೇ ಎಬ್ಬಿಸುವುದು.

ಆ ದೇಶ ನೆದರ್‌ಲೆಂಡ್ಸ್. ಅಲ್ಲಿನ ಝಾನ್‌ದಾಮ್ ಪಟ್ಟಣದಲ್ಲಿ 2015ರಲ್ಲಿ ಐ.ವಿ.ಎನ್. ಎಂಬ ನಿಸರ್ಗ ಶಿಕ್ಷಣ ಸಂಸ್ಥೆಯು ಇಂತಹ ಮೊದಲನೆಯ ಕಿರುಗಾಡನ್ನು ಬೆಳೆಸಿತು. ಟೈನಿ ಫಾರೆಸ್ಟ್ ಎಂದು ಅದಕ್ಕೆ ಹೆಸರು. ಅದರ ಅಳತೆಯಾದರೋ ಒಂದು ಟೆನ್ನಿಸ್ ಅಂಗಳದಷ್ಟು, ಅಂದರೆ 200ರಿಂದ 250 ಚದರ ಮೀಟರು. ಅಷ್ಟು ಸ್ಥಳದಲ್ಲಿ ಸುಮಾರು 40 ಜಾತಿಗಳ 600 ಸಸಿಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ಓಕ್, ಬರ್ಚ್, ಆಲ್ಡರ್, ಹೇಝೆಲ್ ಮೊದಲಾದ ಆ ನೆಲದ ಸ್ವಂತ ಮರಗಿಡಗಳೇ ಅಲ್ಲಿರುತ್ತವೆ. ನೆಡುವವರು ನೆರೆಯ ಶಾಲೆಯ ಮಕ್ಕಳು ಮತ್ತು ಆ ಬೀದಿಯ ನಿವಾಸಿಗಳು. ಕಾಡಿನ ನಡುವೆ ಅಥವಾ ಅಂಚಿನಲ್ಲಿ ಮಕ್ಕಳು ಕುಳಿತು ಪಾಠ ಕೇಳಲು ಬಯಲು ತರಗತಿಯೊಂದನ್ನು ಬಿಟ್ಟಿರುತ್ತಾರೆ. ಈ ಪದ್ಧತಿಯು ಆ ದೇಶದ ಇತರ ಊರುಗಳಿಗೂ ಹಬ್ಬಿ, 2020ರಲ್ಲಿ ಅರ್ತ್‌ವಾಚ್ ಸಂಸ್ಥೆಯ ಮೂಲಕ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ವಿಟ್ನಿ ಪಟ್ಟಣವನ್ನು ತಲುಪಿತು.

ಝಾನ್‌ದಾಮಿನ ಪೂರ್ವಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಒಂದು ವಿಶೇಷ ಅರ್ಥವು ತೋರದೆ ಇರದು. 16ನೆಯ ಶತಮಾನದ ಕೊನೆಯಲ್ಲಿ ಗಾಳಿಯಂತ್ರದಿಂದ ಮರ ಕೊಯ್ಯುವ ವಿದ್ಯೆಯು ಆ ದೇಶದಲ್ಲಿ ಹುಟ್ಟಿದ ಮೇಲೆ ಝಾನ್ ನದಿಯ ದಡವು ಮರಗೊಯ್ಯುವ ಗಿರಣಿಗಳಿಗೂ ಹಡಗು ಕಟ್ಟುವ ಕಮ್ಮಟಗಳಿಗೂ ಹೆಸರಾಯಿತು. ರಷ್ಯದ ದೊರೆ ಪೀಟರನು 1697ರಲ್ಲಿ ಹಡಗಿನ ಕೆಲಸವನ್ನು ಕಲಿಯಲು ಆ ಊರಿಗೇ ಬಂದಿದ್ದನು. ಪರದೇಶಗಳ ಕಾಡುಗಳಿಂದ ಬಂದ ದಿಮ್ಮಿಗಳು ಅಲ್ಲಿ ಹಲಗೆಗಳಾಗುತ್ತಿದ್ದವು. ಇಂದು ಆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 11 ಪಾಲು ಮಾತ್ರ ಕಾಡು ಉಳಿದಿದೆ. ಶತಮಾನಗಳ ಕಾಲ ಮರವನ್ನು ಕೊಯ್ದ ಊರಿನ ಮಕ್ಕಳು ಇಂದು ಮೊಣಕಾಲೂರಿ ಸಸಿ ನೆಡುತ್ತಿರುವುದನ್ನು ಪ್ರಾಯಶ್ಚಿತ್ತವೆಂದು ಕರೆಯಬೇಕೇ? ಹಾಗೆ ಕರೆಯುವ ಮೊದಲು ಸ್ವಲ್ಪ ಯೋಚಿಸುವುದು ಒಳಿತು. ಆ ಮಾತಿಗೆ ಮುಂದೆ ಬರೋಣ.

ಈ ವಿದ್ಯೆಯ ಮೂಲ ಯುರೋಪಿನದಲ್ಲ, ಜಪಾನಿನದು. ಅಕಿರಾ ಮಿಯಾವಾಕಿ (1928–2021) ಎಂಬ ಸಸ್ಯಶಾಸ್ತ್ರಜ್ಞರು ಇದರ ಪ್ರವರ್ತಕರು. 1950ರ ದಶಕದ ಕೊನೆಯಲ್ಲಿ ಅವರು ಜರ್ಮನಿಗೆ ಹೋಗಿ ರೈನ್‌ಹೋಲ್ಡ್ ಟ್ಯೂಕ್ಸೆನ್ ಎಂಬ ವಿದ್ವಾಂಸರಲ್ಲಿ ಅಧ್ಯಯನ ಮಾಡಿದರು. ಮನುಷ್ಯನು ಕೈಹಾಕದೆ ಬಿಟ್ಟಲ್ಲಿ ಒಂದು ನೆಲವು ತಾನಾಗಿಯೇ ಯಾವ ಸಸ್ಯಸಂಕುಲವನ್ನು ಹೊತ್ತೀತು ಎಂಬುದು ಅಲ್ಲಿ ಅವರು ಕಲಿತ ಪ್ರಶ್ನೆ. ಸ್ವದೇಶಕ್ಕೆ ಮರಳಿ ನೋಡಿದಾಗ ಜಪಾನಿನ ಬೆಟ್ಟಗಳಲ್ಲಿ ಯುದ್ಧಾನಂತರ ದಿಮ್ಮಿಗಾಗಿ ನೆಟ್ಟ ಸೂಚಿಪರ್ಣದ ಮರಗಳೇ ತುಂಬಿದ್ದವು. ಮೂಲದ ಅಗಲೆಲೆಯ ನಿತ್ಯಹರಿತ ಮರಗಳು ಉಳಿದುಕೊಂಡಿದ್ದುದು ಹೆಚ್ಚಾಗಿ ದೇವಾಲಯಗಳ ಸುತ್ತಣ ಪವಿತ್ರ ವನಗಳಲ್ಲಿ. ಆ ವನಗಳನ್ನೇ ಗುರುವಾಗಿಟ್ಟುಕೊಂಡು ಅವರು 1970ರ ದಶಕದ ಆರಂಭದಿಂದ ಉಕ್ಕಿನ ಕಾರ್ಖಾನೆಗಳ ಬಂಜರು ನೆಲಗಳಲ್ಲಿ ಕಾಡು ಬೆಳೆಸತೊಡಗಿದರು. 2006ರಲ್ಲಿ ಅವರಿಗೆ ಬ್ಲೂ ಪ್ಲಾನೆಟ್ ಪ್ರಶಸ್ತಿಯು ಸಂದಿತು. ಕೊಡಗಿನಲ್ಲಿ ಇಂದಿಗೂ ಉಳಿದಿರುವ 1,200ಕ್ಕೂ ಹೆಚ್ಚು ದೇವರಕಾಡುಗಳನ್ನು ನೆನೆದರೆ, ಕೊಡಲಿಗೆ ತಡೆಯೊಡ್ಡಿದ ಭಕ್ತಿಯು ಎರಡು ದೂರದ ನಾಡುಗಳಲ್ಲಿ ಒಂದೇ ಫಲವನ್ನು ಕೊಟ್ಟಿತೆಂಬುದು ಮನವರಿಕೆಯಾಗುತ್ತದೆ.

ಜಪಾನಿನಿಂದ ಹಾಲೆಂಡಿಗೆ ಈ ವಿದ್ಯೆ ಹೋದ ದಾರಿಯು ನಮ್ಮ ನಾಡಿನ ಮೂಲಕ ಹಾದುಹೋಯಿತೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಬೆಂಗಳೂರಿನ ಬಳಿಯ ಬಿಡದಿಯ ಟೊಯೋಟ ಕಾರ್ಖಾನೆಯ ಆವರಣದಲ್ಲಿ ಕಾಡು ಬೆಳೆಸಲು ಮಿಯಾವಾಕಿಯವರು ಬಂದಿದ್ದರು. ಅಲ್ಲಿ ಎಂಜಿನಿಯರಾಗಿದ್ದ ಶುಭೇಂದು ಶರ್ಮ ಎಂಬ ತರುಣರು ಅದನ್ನು ಕಂಡು, ಕಲಿತು, ಉದ್ಯೋಗವನ್ನು ಬಿಟ್ಟು, 2011ರಲ್ಲಿ ಬೆಂಗಳೂರಿನಲ್ಲಿ ಅಫಾರೆಸ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಝಾನ್‌ದಾಮಿನ ಮೊದಲ ಕಿರುಗಾಡಿಗೆ ಮಾರ್ಗದರ್ಶನ ದೊರೆತದ್ದು ಇವರಿಂದ.

ವಿಧಾನವು ಸರಳವಾದರೂ ಶ್ರಮಸಾಧ್ಯವಾದುದು. ಮೊದಲು ಆ ಪ್ರದೇಶದ ಉಳಿದ ಹಳೆಯ ಕಾಡುಗಳನ್ನು ಸುತ್ತಿ ಯಾವ ಮರಗಳು ಅಲ್ಲಿನವು ಎಂದು ತಿಳಿಯಬೇಕು. ಬಳಿಕ ಗಟ್ಟಿಯಾದ ಮಣ್ಣನ್ನು ಆಳವಾಗಿ ಸಡಿಲಿಸಿ, ಹೊಟ್ಟು, ತೆಂಗಿನ ನಾರಿನ ಪುಡಿ, ಗೊಬ್ಬರಗಳನ್ನು ಬೆರೆಸಬೇಕು. ಹೆಮ್ಮರ, ಮಧ್ಯಮ ಮರ, ಕಿರುಮರ, ಪೊದೆ ಎಂಬ ನಾಲ್ಕು ಅಂತಸ್ತುಗಳ ಜಾತಿಗಳನ್ನು ಬೆರಕೆಯಾಗಿ, ಒಂದು ಚದರ ಮೀಟರಿಗೆ ಸುಮಾರು ಮೂರರಂತೆ ನೆಡಬೇಕು. ನೆಲಕ್ಕೆ ಹುಲ್ಲು ತರಗೆಲೆಗಳನ್ನು ದಪ್ಪನಾಗಿ ಹೊದಿಸಬೇಕು. ಎರಡು ಮೂರು ವರ್ಷ ನೀರೆರೆದು ಕಳೆ ಕೀಳಬೇಕು. ಆಮೇಲೆ ಕೈಬಿಡಬೇಕು. ಈ ರೀತಿಯಲ್ಲಿ ಕಾಡು ಹತ್ತು ಪಟ್ಟು ಬೇಗ ಬೆಳೆಯುವುದೆಂಬ ಪ್ರಚಾರದ ಮಾತುಗಳೂ ಇವೆ. ಅಂತಹ ಮಾತುಗಳನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲವಾದುದರಿಂದ ಅವುಗಳ ಮೇಲೆ ನಾವು ಏನನ್ನೂ ಕಟ್ಟಬೇಕಾಗಿಲ್ಲ. ಶಾಲೆಯ ಮಟ್ಟಿಗೆ ಮುಖ್ಯವಾದುದು ವೇಗವಲ್ಲ, ಶಿಕ್ಷಣ.

ಆ ಶಿಕ್ಷಣವು ಎಂತಹದು? ವಿಟ್ನಿಯಂತಹ ಕಡೆಗಳಲ್ಲಿ ನೆರೆಯವರೂ ಮಕ್ಕಳೂ ಕೂಡಿ ಮರಗಳ ಸುತ್ತಳತೆಯನ್ನು ಅಳೆಯುತ್ತಾರೆ, ಚಿಟ್ಟೆಗಳನ್ನೂ ಮಣ್ಣಿನ ಹುಳುಗಳನ್ನೂ ಎಣಿಸುತ್ತಾರೆ, ಮಳೆನೀರನ್ನು ಮಣ್ಣು ಎಷ್ಟು ಬೇಗ ಹೀರುವುದೆಂದು ಪರೀಕ್ಷಿಸುತ್ತಾರೆ, ಕಾಡಿನ ಒಳಗೂ ಹೊರಗೂ ತಂಪು ಎಷ್ಟೆಂದು ನೋಡುತ್ತಾರೆ. ಹಾಲೆಂಡಿನಲ್ಲಿ ವಾಗೆನಿಂಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂತಹ ಸ್ವಯಂಸೇವಕರ ಎಣಿಕೆಗಳನ್ನೇ ತಮ್ಮ ಸಂಶೋಧನೆಗೆ ಬಳಸಿಕೊಂಡಿದ್ದಾರೆ. ಎಣಿಸಲು ಕುಳಿತವನು ಸುಮ್ಮನಿರಲು ಕಲಿಯುತ್ತಾನೆ. ಸುಮ್ಮನಿದ್ದವನಿಗೆ ಮಾತ್ರ ಹಕ್ಕಿಯು ಹತ್ತಿರ ಬರುತ್ತದೆ. ಬಿದ್ದ ಎಲೆಯು ಮಣ್ಣಾಗಲು ಎಷ್ಟು ತಿಂಗಳು ಬೇಕೆಂಬುದನ್ನು ಪುಸ್ತಕವು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಕಾಡಿನಲ್ಲಿಯಾದರೋ ಬಾಲಕನು ಅಷ್ಟೂ ತಿಂಗಳು ಕಾಯಬೇಕು. ಈ ಕಾಯುವಿಕೆಯನ್ನು ಬೇರೆ ಯಾವ ಉಪಾಧ್ಯಾಯರೂ ಇಷ್ಟು ಚೆನ್ನಾಗಿ ಕಲಿಸಲಾರರು.

ಇಷ್ಟಾದರೂ ಈ ಕೆಲಸದಲ್ಲಿ ಕೆಲವು ನೈತಿಕ ಸಮಸ್ಯೆಗಳು ಅಡಗಿವೆ. ಅವುಗಳನ್ನು ಎದುರಿಸದೆ ಕೇವಲ ಉತ್ಸಾಹದಿಂದ ಸಸಿ ನೆಟ್ಟರೆ, ಇದೂ ಇನ್ನೊಂದು ವನಮಹೋತ್ಸವವಾಗಿ ಮುಗಿದೀತು.

ಮೊದಲನೆಯದು ಮರಣದ ಪ್ರಶ್ನೆ. ಲೆಕ್ಕವನ್ನು ಸ್ವಲ್ಪ ನೋಡಿರಿ. 200 ಚದರ ಮೀಟರಿನಲ್ಲಿ 600 ಸಸಿಗಳು. ಪೂರ್ಣವಾಗಿ ಬೆಳೆದ ಒಂದು ದೊಡ್ಡ ಮರದ ಕೊಂಬೆಗಳ ಹರವಿಗೆ 25 ಚದರ ಮೀಟರು ಎಂದು ಕಡಿಮೆಯಾಗಿಯೇ ಹಿಡಿದರೂ, ಅಷ್ಟು ನೆಲದಲ್ಲಿ ಎಂಟು ಹೆಮ್ಮರಗಳಿಗೆ ಮಾತ್ರ ಎಡೆಯಿದೆ. ಅವುಗಳ ಕೆಳಗೆ ಕಿರುಮರಗಳೂ ಪೊದೆಗಳೂ ಬದುಕಿಯಾವು; ಆದರೆ ಬೆಳಕಿಗಾಗಿ ನಡೆಯುವ ಸ್ಪರ್ಧೆಯಲ್ಲಿ ಸೋತು ಸಾಯುವ ಸಸಿಗಳು ಬಹಳ. ನೆಡುವವರು ಇದನ್ನು ತಿಳಿದೇ ನೆಡುತ್ತಾರೆ. ನಿಜವಾದ ಕಾಡಿನಲ್ಲಿಯೂ ಸಾವಿರ ಬೀಜ ಮೊಳೆತಲ್ಲಿ ಒಂದೋ ಎರಡೋ ಮರವಾಗುವುದು. ಆದರೆ ಮಗುವಿನ ಕೈಗೆ ಒಂದು ಸಸಿಯನ್ನು ಕೊಟ್ಟು, "ಇದು ನಿನ್ನದು, ಇದಕ್ಕೊಂದು ಹೆಸರಿಡು" ಎಂದು ಹೇಳಿದ ಉಪಾಧ್ಯಾಯರು, ನಾಲ್ಕು ವರ್ಷಗಳ ಬಳಿಕ ಪಕ್ಕದ ಗಿಡದ ನೆರಳಿನಲ್ಲಿ ಆ ಸಸಿ ಒಣಗಿದಾಗ ಏನು ಹೇಳಬೇಕು?

ಎರಡು ಸುಲಭವಾದ ಉತ್ತರಗಳಿವೆ, ಎರಡೂ ಸರಿಯಲ್ಲ. ಒಣಗಿದ ಸಸಿಯನ್ನು ರಾತ್ರೋರಾತ್ರಿ ಕಿತ್ತು ಅದೇ ಜಾತಿಯ ಇನ್ನೊಂದನ್ನು ನೆಟ್ಟು ಮಗುವನ್ನು ಸಂತೈಸುವುದು ಒಂದು. ಅದು ವಂಚನೆ. ಬಲವುಳ್ಳದ್ದು ಬದುಕುತ್ತದೆ, ಬಲವಿಲ್ಲದ್ದು ಸಾಯುತ್ತದೆ, ಲೋಕವಿರುವುದೇ ಹೀಗೆ ಎಂದು ಹೇಳಿಬಿಡುವುದು ಇನ್ನೊಂದು. ಅದು ಇನ್ನೂ ಅಪಾಯಕರ. ಗಿಡಗಳ ಬಾಳಿನ ರೀತಿಯನ್ನು ಮನುಷ್ಯ ಸಮಾಜದ ನೀತಿಯನ್ನಾಗಿ ಮಾಡಿಕೊಂಡರೆ ದುರ್ಬಲರನ್ನು ಎತ್ತಿ ಹಿಡಿಯಬೇಕೆಂಬ ಧರ್ಮಕ್ಕೆ ಎಡೆಯೇ ಉಳಿಯುವುದಿಲ್ಲ. ಪ್ರಕೃತಿಯಲ್ಲಿ ನಡೆಯುವುದೆಲ್ಲವೂ ನಮಗೆ ಅನುಕರಣೀಯವಲ್ಲ. ಅನುಕಂಪವೆಂಬುದು ಮನುಷ್ಯನಿಗೆ ಒಪ್ಪಿಸಿದ ಹೊಣೆ.

ಹಾಗಾದರೆ ಸರಿಯಾದ ಉತ್ತರವೇನು? ತಪ್ಪು ಇರುವುದು ಸಸಿಯ ಸಾವಿನಲ್ಲಿ ಅಲ್ಲ, "ಇದು ನಿನ್ನದು" ಎಂದ ಆರಂಭದ ಮಾತಿನಲ್ಲಿ. ಮಗುವು ನೆಟ್ಟದ್ದು ಒಂದು ಮರವನ್ನಲ್ಲ, ಕಾಡನ್ನು. ಕಾಡು ಎಂಬುದು ಮರಗಳ ಮೊತ್ತವಲ್ಲ. ಅದೊಂದು ಸಂಬಂಧಗಳ ಸಮುದಾಯ. ಒಣಗಿ ನಿಂತ ಸಸಿಯು ಗೆದ್ದಲಿಗೆ ಆಹಾರವಾಗುತ್ತದೆ, ಅಣಬೆಗೆ ನೆಲೆಯಾಗುತ್ತದೆ, ಮಣ್ಣಾಗಿ ಪಕ್ಕದ ಗಿಡದ ಬೇರನ್ನು ಸೇರುತ್ತದೆ. ಮಗುವಿನ ಕೈಯ ಶ್ರಮ ಕಳೆದುಹೋಗಿಲ್ಲ, ಅದರ ಮೇಲೆ ಬರೆದ ಹೆಸರು ಮಾತ್ರ ಅಳಿಸಿಹೋಗಿದೆ. ಆದುದರಿಂದ ಶಾಲೆಯ ಕಾಡಿನಲ್ಲಿ ಸಸಿಗಳಿಗೆ ಮಕ್ಕಳ ಹೆಸರಿನ ಫಲಕಗಳನ್ನು ನೇತುಹಾಕದಿರುವುದು ಲೇಸು. ದುಃಖಿಸುವ ಮಗುವಿನ ದುಃಖವನ್ನು ಅಲ್ಲಗಳೆಯಬಾರದು. ಅದನ್ನು ಕೈಹಿಡಿದು ಕರೆದೊಯ್ದು ಆ ಒಣ ಕಾಂಡದ ಬುಡವನ್ನು ಕೆದಕಿ ತೋರಿಸಬೇಕು. ಅಲ್ಲಿ ಎಷ್ಟು ಜೀವಿಗಳಿವೆಯೆಂದು ಮಗುವೇ ಎಣಿಸಲಿ. ಸಾವಿನ ವಿಷಯದಲ್ಲಿ ಸುಳ್ಳನ್ನೂ ಹೇಳದೆ, ನಿಷ್ಠುರತೆಯನ್ನೂ ಕಲಿಸದೆ ಮಾತನಾಡಲು ಇಷ್ಟು ಒಳ್ಳೆಯ ಸ್ಥಳವು ಶಾಲೆಯಲ್ಲಿ ಇನ್ನೊಂದು ದೊರೆಯದು.

ಎರಡನೆಯದು ಕೈಬಿಡುವ ಪ್ರಶ್ನೆ. ಮೂರು ವರ್ಷಗಳ ಆರೈಕೆಯ ತರುವಾಯ ಕಾಡಿಗೆ ಮನುಷ್ಯನ ಅಗತ್ಯವಿರುವುದಿಲ್ಲ. ನೀರು ಬೇಡ, ಗೊಬ್ಬರ ಬೇಡ, ಕತ್ತರಿ ಬೇಡ, ಪೊರಕೆಯಂತೂ ಬೇಡವೇ ಬೇಡ. ಆದರೆ ಮೂರು ವರ್ಷ ನೀರು ಹೊತ್ತವರಿಗೆ ಸುಮ್ಮನಿರುವುದು ಕಷ್ಟ. ತರಗೆಲೆಯನ್ನು ಗುಡಿಸಿ ಚೊಕ್ಕಟ ಮಾಡೋಣವೆನಿಸುತ್ತದೆ, ಅಡ್ಡಾದಿಡ್ಡಿ ಕೊಂಬೆಯನ್ನು ಕಡಿಯೋಣವೆನಿಸುತ್ತದೆ, ನಡುವೆ ನಾಲ್ಕು ಬಣ್ಣದ ಹೂವಿನ ಗಿಡಗಳನ್ನಿಡೋಣವೆನಿಸುತ್ತದೆ. ಪ್ರೀತಿಯು ಅಧಿಕಾರವಾಗಿ ತಿರುಗುವ ಕ್ಷಣವೇ ಇದು. ನಾವು ಸಾಕಿದ್ದು ನಮ್ಮ ಇಚ್ಛೆಯಂತೆ ಇರಬೇಕೆಂಬ ಹಂಬಲವನ್ನು ತಂದೆತಾಯಿಗಳು ಬಲ್ಲರು, ಉಪಾಧ್ಯಾಯರೂ ಬಲ್ಲರು. ಆರೈಕೆಯ ಗುರಿಯು ಆರೈಕೆಯು ಬೇಡವಾಗುವಂತೆ ಮಾಡುವುದೇ ಆಗಿದೆ. ಈ ಸತ್ಯವನ್ನು ವಿದ್ಯಾರ್ಥಿಗಿಂತ ಮೊದಲು ಗುರುವೇ ಆ ಕಿರುಗಾಡಿನ ಬೇಲಿಯ ಬಳಿ ನಿಂತು ಕಲಿಯಬೇಕಾಗಬಹುದು.

ಇದಕ್ಕೆ ಹೊಂದಿದ ಇನ್ನೊಂದು ಮಾತಿದೆ. ವಿದ್ಯಾರ್ಥಿಯು ಒಂದು ಶಾಲೆಯಲ್ಲಿರುವುದು ಏಳೆಂಟು ವರ್ಷ. ಹತ್ತು ವರ್ಷದ ಹುಡುಗಿ ನೆಟ್ಟ ಗಿಡದ ನೆರಳು ಬೀಳುವ ಹೊತ್ತಿಗೆ ಅವಳು ಬೇರೆ ಊರಿನಲ್ಲಿರುತ್ತಾಳೆ. ಆ ನೆರಳಿನಲ್ಲಿ ಕುಳಿತು ಓದುವವರು ಅವಳ ಹೆಸರನ್ನೂ ಕೇಳಿರುವುದಿಲ್ಲ. ಇಂದಿನ ಶಿಕ್ಷಣದಲ್ಲಿ ಮಗುವಿನ ಪ್ರತಿಯೊಂದು ಕೆಲಸಕ್ಕೂ ಅಂಕವುಂಟು, ಬಹುಮಾನವುಂಟು, ಛಾಯಾಚಿತ್ರವುಂಟು. ಫಲವು ಅಪರಿಚಿತರಿಗೆ ಸೇರುವ ಕೆಲಸವನ್ನು ಮನಃಪೂರ್ವಕವಾಗಿ ಮಾಡುವ ಅಭ್ಯಾಸಕ್ಕೆ ಎಲ್ಲಿಯೂ ಅವಕಾಶವಿಲ್ಲ. ಶಾಲೆಯ ಕಾಡು ಆ ಅವಕಾಶವನ್ನು ಒದಗಿಸುತ್ತದೆ. ಹಳೆಯ ವಿದ್ಯಾರ್ಥಿಗಳಾದ ನಾವು ಕೂಡ ಯಾರೋ ಅಗೆದ ಬಾವಿಯ ನೀರನ್ನು ಕುಡಿದು, ಯಾರೋ ನೆಟ್ಟ ಬೇವಿನ ನೆರಳಿನಲ್ಲಿ ಕುಳಿತು ಓದಿದವರಲ್ಲವೇ? ಆ ಋಣವನ್ನು ಕೊಟ್ಟವರಿಗೆ ಹಿಂದಿರುಗಿಸಲು ಬರುವುದಿಲ್ಲ. ಮುಂದೆ ಬರುವವರಿಗೆ ಸಲ್ಲಿಸಬಹುದು.

ಮೂರನೆಯದು ನೆಲದ ಸತ್ಯದ ಪ್ರಶ್ನೆ. ಸ್ಥಳೀಯ ಗಿಡಗಳನ್ನೇ ನೆಡಬೇಕೆಂಬ ನಿಯಮವು ಕೇಳಲು ಸುಲಭ, ಪಾಲಿಸಲು ಕಷ್ಟ. ನಮ್ಮ ಭಾಷೆಯೇ ಇಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. ನೀಲಗಿರಿ ಎಂಬ ಹೆಸರು ಕೇಳಿದರೆ ಅದು ನಮ್ಮ ಪಕ್ಕದ ಬೆಟ್ಟದ ಮರವೆನಿಸುತ್ತದೆ. ಅದರ ತವರು ಆಸ್ಟ್ರೇಲಿಯ. ಬಳ್ಳಾರಿ ಜಾಲಿಯು ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. ಶಾಲೆಗಳ ಮುಂದೆ ಬೇಸಿಗೆಯಲ್ಲಿ ಕೆಂಪಾಗಿ ಅರಳುವ ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದುದು. ಇನ್ನು ಹುಣಸೆಯ ಮೂಲವು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರಾದರೂ, ಅದು ಬಹು ಪ್ರಾಚೀನ ಕಾಲದಿಂದ ನಮ್ಮೊಡನೆ ಬಾಳಿ ನಮ್ಮ ಸಾರಿಗೂ ಗಾದೆಗಳಿಗೂ ಸೇರಿಹೋಗಿದೆ. ಆದುದರಿಂದ ಹೊರಗಿನದೆಲ್ಲ ಕೆಟ್ಟದ್ದು ಎಂಬ ದ್ವೇಷಬುದ್ಧಿ ಇಲ್ಲಿ ಸಲ್ಲದು. ಗಿಡಗಳ ವಿಷಯದ ಈ ವಿವೇಕವನ್ನು ಮನುಷ್ಯರ ಮೇಲೆ ಪ್ರಯೋಗಿಸುವುದಂತೂ ಸರ್ವಥಾ ಸಲ್ಲದು. ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಗಿಡದೊಡನೆ ಈ ನೆಲದ ಎಷ್ಟು ಜೀವಗಳು ನಂಟನ್ನು ಬೆಳೆಸಿಕೊಂಡಿವೆ?

ಬಿಲ್ವ, ನಿಂಬೆ, ಕರಿಬೇವಿನ ಎಲೆಗಳ ಮೇಲೆ ನಿಂಬೆ ಚಿಟ್ಟೆಯು ಮೊಟ್ಟೆಯಿಡುತ್ತದೆ. ಅದರ ಮರಿಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಬಳಿಕ ಹಸುರಾಗಿ, ಕೋಶವಾಗಿ, ಚಿಟ್ಟೆಯಾಗಿ ಹಾರುತ್ತದೆ. ಅತ್ತಿ, ಆಲ, ಅರಳಿಗಳ ಪರಾಗಸ್ಪರ್ಶವು ಆಯಾ ಮರಕ್ಕೇ ಮೀಸಲಾದ ಸಣ್ಣ ಕಣಜಗಳಿಂದಲೇ ನಡೆಯತಕ್ಕದ್ದು. ನಮ್ಮ ಚಿಟ್ಟೆಗಳ ಮರಿಹುಳುಗಳಿಗೆ ನೀಲಗಿರಿಯ ಎಲೆಯು ಆಹಾರವಾಗುವುದು ತೀರ ಕಡಿಮೆ. ಬಿಲ್ವದ ಒಂದು ಗಿಡವಿರುವ ಶಾಲೆಯಲ್ಲಿ ಈ ಪಾಠಕ್ಕೆ ಚಿತ್ರಪಟವು ಬೇಕಾಗಿಲ್ಲ. ಎಲೆಯು ತೂತಾಯಿತೆಂದು ಔಷಧಿ ಸಿಂಪಡಿಸದೆ ಹದಿನೈದು ಇಪ್ಪತ್ತು ದಿನ ಕಾದರೆ ಸಾಕು.

ಇನ್ನೂ ಮುಂದೆ ಹೋಗಿ ಒಂದು ಅಪ್ರಿಯ ಸತ್ಯವನ್ನು ಹೇಳಬೇಕಾಗಿದೆ. ಎಲ್ಲ ನೆಲವೂ ದಟ್ಟ ಕಾಡಿನ ನೆಲವಲ್ಲ. ಮಲೆನಾಡಿಗೆ ಸರಿಯಾದುದು ಬಯಲುಸೀಮೆಗೆ ಸರಿಯಲ್ಲ. ನಮ್ಮ ಉತ್ತರದ ಮತ್ತು ಮಧ್ಯದ ಜಿಲ್ಲೆಗಳಲ್ಲಿ ಹುಲ್ಲುಗಾವಲೂ ಕುರುಚಲು ಕಾಡೂ ಇದ್ದ ಪ್ರದೇಶಗಳು ವಿಸ್ತಾರವಾಗಿದ್ದವು. ಕೃಷ್ಣಮೃಗ, ತೋಳ, ಎರೆಭೂತವೆಂಬ ದೊಡ್ಡ ಹಕ್ಕಿ ಇವುಗಳ ಬಾಳೆಲ್ಲ ಬಯಲಿನಲ್ಲಿಯೇ. ಮರವಿಲ್ಲದ ನೆಲವೆಂದರೆ ಬಂಜರು ಎಂದು ತಿಳಿದ ಕಾಲದಲ್ಲಿ ಅಂತಹ ನೆಲಗಳಲ್ಲಿ ನೀಲಗಿರಿಯ ನೆಡುತೋಪುಗಳನ್ನು ಬೆಳೆಸಲಾಯಿತು. ಕೃಷ್ಣಮೃಗಕ್ಕಾಗಿ 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಅಭಯಾರಣ್ಯದ ಬಹುಭಾಗವೂ ಹೀಗೆ ನೀಲಗಿರಿಯಿಂದ ತುಂಬಿತ್ತು. ಮಿಯಾವಾಕಿಯವರ ಮೂಲಪ್ರಶ್ನೆಯು, ಈ ನೆಲವು ತಾನಾಗಿ ಏನನ್ನು ಹೊತ್ತೀತು ಎಂಬುದಾಗಿತ್ತು. ಆ ಪ್ರಶ್ನೆಯನ್ನು ಬಿಟ್ಟು ಅವರ ಒತ್ತು ನೆಡುವಿಕೆಯನ್ನು ಮಾತ್ರ ಎಲ್ಲ ಕಡೆಗೂ ಹೊತ್ತೊಯ್ದರೆ ಗುರುವಿನ ಮಾತನ್ನು ಮರೆತು ಗುರುವಿನ ವೇಷವನ್ನು ಧರಿಸಿದಂತಾಗುತ್ತದೆ. ಬಯಲುಸೀಮೆಯ ಶಾಲೆಯ ಕಾಡಿನಲ್ಲಿ ಕಮರ, ಬನ್ನಿ, ಕರಿಜಾಲಿ, ಬೋರೆ, ಕವಳೆ, ತಂಗಡಿಗಳು ಬಿಡಿಬಿಡಿಯಾಗಿ ನಿಂತು, ನಡುವೆ ಹುಲ್ಲು ಬೆಳೆಯಲಿ. ಅದು ಚಿತ್ರದಲ್ಲಿ ಹಚ್ಚಗೆ ಕಾಣದಿರಬಹುದು. ಆದರೆ ಅದು ಆ ಊರಿನ ಕಾಡು.

ಇಲ್ಲಿ ಆಕ್ಷೇಪವೊಂದನ್ನು ಕೇಳಬೇಕು. ಕುಡಿಯುವ ನೀರಿಗೇ ಪರದಾಡುವ, ಆಟದ ಬಯಲೇ ಇಲ್ಲದ ಶಾಲೆಗೆ ಕಾಡು ಒಂದು ವಿಲಾಸವಲ್ಲವೇ? ಹಾಲೆಂಡಿನ ಅನುಕೂಲಗಳು ನಮ್ಮ ಹಳ್ಳಿಗೆ ಎಲ್ಲಿಂದ ಬರಬೇಕು? ಈ ಆಕ್ಷೇಪದಲ್ಲಿ ತಥ್ಯವಿದೆ. ಮಕ್ಕಳ ಓಡಾಟದ ಅಂಗಳವನ್ನು ಕಸಿದು ಕಾಡು ಬೆಳೆಸುವುದು ನ್ಯಾಯವಲ್ಲ. ಕೊಡದ ನೀರಿಗೆ ಬಿಸಿಲಿನಲ್ಲಿ ನಿಂತ ತಾಯಂದಿರ ಕಣ್ಣೆದುರು ಸಸಿಗೆ ನೀರೆರೆಯುವುದೂ ನ್ಯಾಯವಲ್ಲ. ಹಾವು ಹುಳುವಿನ ಭಯವನ್ನೂ ಹಗುರವಾಗಿ ಕಾಣಬಾರದು. ಕಾಡಿನ ಅಂಚು ತರಗತಿಯ ಬಾಗಿಲಿನಿಂದ ದೂರವಿರಬೇಕು, ಮಕ್ಕಳು ದೊಡ್ಡವರೊಡನೆಯೇ ಒಳಹೋಗಬೇಕು. ಇಷ್ಟಕ್ಕೂ ಅನುಕೂಲವಿಲ್ಲದ ಕಡೆ ಹೊಸ ಕಾಡಿನ ಹಟವನ್ನು ಬಿಟ್ಟು, ಇರುವುದನ್ನು ಉಳಿಸಿಕೊಳ್ಳುವುದು ಮೇಲು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಂಗೆ, ನೇರಳೆ, ಮಾವು, ಹುಣಸೆಗಳ ಗುಂಡುತೋಪುಗಳು ದಾರಿಹೋಕರಿಗೂ ದನಕರುಗಳಿಗೂ ತಂಪನ್ನು ಕೊಡುತ್ತಿದ್ದವು. ಹಲವೆಡೆ ಅವು ಕಟ್ಟಡಗಳ ನಿವೇಶನಗಳಾಗಿ ಹೋದುವು. ಶಾಲೆಯ ಬಳಿ ಒಂದು ಗುಂಡುತೋಪು ಉಳಿದಿದ್ದರೆ ಅದನ್ನು ಕಾಪಾಡುವುದೇ ಆ ಶಾಲೆಯ ಪರಿಸರ ಶಿಕ್ಷಣ. ಒಂದು ಹಳೆಯ ಆಲದ ಮರವೂ ಸಾಕು.

ಈಗ ಪ್ರಾಯಶ್ಚಿತ್ತದ ಮಾತಿಗೆ ಬರೋಣ. ಒಂದೆಡೆ ರಸ್ತೆಗಾಗಿಯೋ ಗಣಿಗಾಗಿಯೋ ನೂರಾರು ವರ್ಷಗಳ ಕಾಡನ್ನು ಕಡಿದು, ಇನ್ನೊಂದೆಡೆ ಟೆನ್ನಿಸ್ ಅಂಗಳದಷ್ಟು ಸ್ಥಳದಲ್ಲಿ ಸಸಿ ನೆಟ್ಟು ಲೆಕ್ಕವನ್ನು ಸರಿದೂಗಿಸಿದೆವೆಂದುಕೊಳ್ಳುವ ಪ್ರವೃತ್ತಿ ಲೋಕದಲ್ಲಿ ಬೆಳೆಯುತ್ತಿದೆ. ಇದು ಆತ್ಮವಂಚನೆ. ಹಳೆಯ ಕಾಡಿನ ಮಣ್ಣು, ಪೊಟರೆ, ಬಳ್ಳಿ, ಅದನ್ನು ನಂಬಿದ ಪ್ರಾಣಿಸಂಕುಲ ಇವು ಯಾವುವೂ 600 ಸಸಿಗಳಿಂದ ಮರಳಿ ಬರುವುದಿಲ್ಲ. ಅಷ್ಟೇ ಅಲ್ಲ, ದೊಡ್ಡವರು ಮಾಡಿದ ಪಾಪವನ್ನು ತೊಳೆಯಲು ಮಕ್ಕಳ ಕೈಗೆ ಸಸಿಯನ್ನು ಕೊಡುವುದು ಧರ್ಮವೂ ಅಲ್ಲ. ಝಾನ್‌ದಾಮಿನ ಮಕ್ಕಳು ಯಾವ ಮರವನ್ನೂ ಕೊಯ್ದವರಲ್ಲ. ಅವರಿಗೆ ಪ್ರಾಯಶ್ಚಿತ್ತದ ಹಂಗಿಲ್ಲ. ಶಾಲೆಯ ಕಾಡನ್ನು ಪಾಪದ ಲೆಕ್ಕದಿಂದ ಬಿಡಿಸಿ, ಕಲಿಕೆಯ ನೆಲೆಯಾಗಿ ಮಾತ್ರ ಇಟ್ಟುಕೊಳ್ಳಬೇಕು. ಅಲ್ಲಿ ಕಲಿತವರು ಮುಂದೆ ದೊಡ್ಡವರಾಗಿ, ದೊಡ್ಡ ಕಾಡಿನ ಮೇಲೆ ಕೊಡಲಿ ಎತ್ತುವ ಕಾಗದಕ್ಕೆ ಸಹಿಮಾಡುವ ಮೊದಲು ಒಂದು ಗಳಿಗೆ ತಡೆದು ಯೋಚಿಸಿದರೆ, ಆ 200 ಚದರ ಮೀಟರು ನೆಲವು ಸಾರ್ಥಕವಾಯಿತು.

ಹಾಗಾದರೆ ಶಾಲೆಯ ಅಂಗಳದ ಕಾಡು ಯಾರದು? ನೆಟ್ಟ ಮಗುವಿನದೇ? ನೆಲದ ಒಡೆತನವುಳ್ಳ ಶಾಲೆಯದೇ? ಹಣ ಕೊಟ್ಟ ದಾನಿಯದೇ? ಮೇಲಿನ ವಿಚಾರದಿಂದ ಹೊರಡುವ ಉತ್ತರವು ಒಂದೇ. ಅದು ಕಾಡಿನದು, ಅದರಲ್ಲಿ ಬಾಳುವ ಜೀವಗಳದು. ನಮಗೆ ಸಲ್ಲುವುದು ಒಡೆತನವಲ್ಲ, ಮೂರು ವರ್ಷಗಳ ಸೇವೆ ಮತ್ತು ಆಮೇಲಿನ ಸಂಯಮ. ಒಡೆತನವಿಲ್ಲದೆ ಪ್ರೀತಿಸುವುದು ಸಾಧ್ಯವೆಂದು ತೋರಿಸಿಕೊಡುವ ಸ್ಥಳಗಳು ಇಂದಿನ ಲೋಕದಲ್ಲಿ ವಿರಳವಾಗುತ್ತಿವೆ.

ಈ ಕೆಲಸಕ್ಕೆ ಕೈಹಾಕಬಯಸುವ ಹಿರಿಯರೂ ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಸಸಿಗಳನ್ನು ತರಿಸುವ ಮೊದಲು ಒಂದು ಕೆಲಸವನ್ನು ಮಾಡಲಿ. ಮಕ್ಕಳನ್ನು ಊರಿನ ಅತ್ಯಂತ ವೃದ್ಧರ ಬಳಿಗೆ ಕಳುಹಿಸಿ, ಈ ನೆಲದಲ್ಲಿ ಹಿಂದೆ ಯಾವ ಯಾವ ಗಿಡಗಳಿದ್ದವು, ಯಾವ ಹಣ್ಣುಗಳನ್ನು ತಿನ್ನುತ್ತಿದ್ದರು, ಯಾವ ಹಕ್ಕಿಗಳು ಬರುತ್ತಿದ್ದವು ಎಂದು ಕೇಳಿ ಬರೆದುಕೊಂಡು ಬರಹೇಳಲಿ. ಶಾಲೆಯ ಕಾಡು ನಿಜವಾಗಿ ಆರಂಭವಾಗುವುದು ಆ ಪಟ್ಟಿಯಿಂದ. ಅಂತಹ ಪಟ್ಟಿಗಳು ಊರೂರಿನಲ್ಲಿ ಬರೆಯಲ್ಪಡಲಿ, ಅವುಗಳಲ್ಲಿ ಅಳಿದುಹೋದ ಕೆಲವು ಹೆಸರುಗಳಾದರೂ ಮತ್ತೆ ಚಿಗುರಿ ಮಕ್ಕಳ ತಲೆಯ ಮೇಲೆ ನೆರಳು ಚೆಲ್ಲಲಿ ಎಂದು ಹಾರೈಸೋಣ.